ನನ್ನ ತಮ್ಮನನ್ನು ಗೆದ್ದ ಕಂಡಕ್ಟರ್

ಕಾರ್ಕಳದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ನನಗೆ ಮಾಡಿದಷ್ಟು ಉಪಕಾರವನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿಲ್ಲ. ಅವರ ನೆನಪಾದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಎರಡೂ ನಿಜ. ಉಪಕಾರದ ಮಾತನ್ನು ಎಲ್ಲರ ಹತ್ತಿರವೂ ಹೇಳಿಕೊಂಡಿದ್ದೇನೆ. ಹೊಟ್ಟೆಯುರಿಯ ಮಾತನ್ನು ಈಗ ಬರೆಯುತ್ತಿದ್ದೇನೆ.

ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ ಎರಡೋ ಮೂರೋ ವರ್ಷವಾಗಿತ್ತು. ಮಣಿಪಾಲದಲ್ಲಿ ನನ್ನದು ಹಳೆ ಸಾಮಾನಿನ ಅಂಗಡಿ. ಕಾಲೇಜು ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳಿಂದ ಕಬ್ಬಿಣದ ಮಂಚ, ಹಾಸಿಗೆ, ಮೇಜು, ಫ್ಯಾನು, ಬಕೇಟು ಕೊಳ್ಳುವುದು, ಎರಡು ತಿಂಗಳು ಬಿಟ್ಟು ಹೊಸದಾಗಿ ಬಂದವರಿಗೆ ಅದನ್ನೇ ಮಾರುವುದು. ಹೋಗುವವರಿಗೆ ರೈಲಿನ ಅವಸರ, ಬರುವವರಿಗೆ ಮಲಗುವ ಅವಸರ, ನಡುವೆ ಅವಸರವಿಲ್ಲದವಳು ನಾನೊಬ್ಬಳೇ. ವ್ಯಾಪಾರ ಎಂದರೆ ಅಷ್ಟೇ. ನೀವು ಹಳೆ ಮಂಚ ಕೊಳ್ಳುವುದಾದರೆ ಮೇಲೆ ಕುಳಿತು ನೋಡಬೇಡಿ, ಮಗುಚಿ ಹಾಕಿ ಕಾಲಿನ ವೆಲ್ಡಿಂಗ್ ನೋಡಿ. ಮೊದಲ ಬೆಲೆಯನ್ನು ಯಾವತ್ತೂ ನೀವು ಹೇಳಬೇಡಿ.

ತಂದೆ ತಾಯಿ ಇಬ್ಬರೂ ಬೇಗ ಹೋದರು. ಆಗ ನನಗೆ ಹತ್ತೊಂಬತ್ತು, ತಮ್ಮನಿಗೆ ಒಂಬತ್ತು. ಕಾಪುವಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಬಕೇಟುಗಳನ್ನು ತಲೆಯ ಮೇಲೆ ಹೊತ್ತು ಹಾಸ್ಟೆಲಿನಿಂದ ಹಾಸ್ಟೆಲಿಗೆ ಮಾರಿ ಶುರು ಮಾಡಿದವಳು ನಾನು. ಮದುವೆಯ ಮಾತು ಬಂದಾಗಲೆಲ್ಲ ಇವನಿಗೊಂದು ದಾರಿಯಾಗಲಿ ಎಂದು ಮುಂದೂಡಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಅವನ ಮೇಲೆ ಬೇರೆ ಯಾರಿಗೂ ಇಲ್ಲದ ಹಕ್ಕು ನನಗಿದೆ ಎಂದು ತಿಳಿದುಕೊಂಡಿದ್ದೆ.

ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಅವನು ಅಂಗಡಿಗೆ ಬಂದ. ಇಪ್ಪತ್ತು ವರ್ಷ, ಒಳ್ಳೆ ಮೈಕಟ್ಟು, ಗಟ್ಟಿ ಕಂಠ. ಹಾಸ್ಟೆಲಿನ ಮೂರನೇ ಮಹಡಿಯಿಂದ ಮಂಚ ಇಳಿಸುವುದು ಅವನ ಕೆಲಸ. ಅವನದೇ ವಯಸ್ಸಿನ ವಿದ್ಯಾರ್ಥಿಗಳು ಬೈಕಿನ ಮೇಲೆ ಕುಳಿತು ಇವನನ್ನು ಕಂಡಕೂಡಲೇ "ಮಂಚ ಬಂತು" ಎನ್ನುತ್ತಿದ್ದರಂತೆ. ಎರಡು ವರ್ಷದಲ್ಲಿ ಒಬ್ಬನೂ ಹೆಸರು ಕೇಳಲಿಲ್ಲವಂತೆ. ಒಂದು ದಿನ ಅದನ್ನು ನನ್ನ ಹತ್ತಿರ ಹೇಳಿದ. ನಾನು ಆಗ ಒಂದು ಕಪಾಟಿನ ವ್ಯವಹಾರದಲ್ಲಿ ಮುಳುಗಿದ್ದೆ. ಹೇಳಿದರೆ ಹೇಳಲಿ, ಮಂಚ ಅಗ್ಗಕ್ಕೆ ಸಿಕ್ಕಿತಲ್ಲ ಎಂದೆ. ಮತ್ತೆ ಅವನು ಅಂಥ ಮಾತನ್ನು ಮನೆಗೆ ತರಲಿಲ್ಲ.

ಆಮೇಲೆ ಕಾಪುವಿನ ಪೇಟೆಯಲ್ಲಿ ಒಂದು ಜೀಪಿನ ಸುತ್ತ ನಿಲ್ಲುವವರ ಜೊತೆ ಸೇರಿದ. ಜೀಪಿನವನಿಗೆ ಮೂವತ್ತೈದು ದಾಟಿತ್ತು. ಊರನ್ನು ಕಾಪಾಡುತ್ತೇವೆ ಎನ್ನುವುದು ಅವರ ಮಾತು. ಯಾರಿಂದ ಎಂದು ಕೇಳಿದರೆ ಬೇರೆ ಧರ್ಮದವರ ಮನೆಗಳತ್ತ ಕೈ ತೋರಿಸುತ್ತಿದ್ದರು. ಬಸ್ಸಿನಲ್ಲಿ ಯಾವ ಹುಡುಗಿ ಯಾವ ಹುಡುಗನ ಪಕ್ಕ ಕುಳಿತಳು, ಲೈಟ್‌ಹೌಸಿನ ಬಳಿ ಯಾರ ಜೊತೆ ಯಾರು ನಡೆದರು ಎಂದು ನೋಡಿ ಬಂದು ಹೇಳುವುದು ಇವನಂಥವರ ಕೆಲಸ. ಒಂದು ಸಂಜೆ ಬಲಗೈ ಬೆರಳು ಊದಿಸಿಕೊಂಡು ಬಂದ. ಸಮುದ್ರದ ಬದಿಯಲ್ಲಿ ಒಬ್ಬನಿಗೆ ಹೊಡೆದಿದ್ದ. ಹೊಡೆಸಿಕೊಂಡವನು ಹಿಂದಿನ ವಾರ ನನ್ನ ಅಂಗಡಿಯಿಂದ ಮೇಜು ಕೊಂಡು ಹೋದ ವಿದ್ಯಾರ್ಥಿ. ಜೊತೆಗಿದ್ದವಳು ಅವನ ತರಗತಿಯವಳು, ಬೇರೆ ಧರ್ಮದವಳು. ತಪ್ಪು ಅಷ್ಟೇ.

ಬೈದೆ, ಅತ್ತೆ, ಎರಡು ಹೊತ್ತು ಊಟ ಬಿಟ್ಟೆ. ಕೊನೆಗೆ ನನಗೆ ಬರುವ ಕೆಲಸ ಮಾಡಿದೆ. ಅವರ ಸಂಗ ಬಿಟ್ಟರೆ ಬೈಕು ಕೊಡಿಸುತ್ತೇನೆ ಎಂದೆ. ಒಪ್ಪಿದ. ಊರಿಗೆ ಹೊರಟ ವಿದ್ಯಾರ್ಥಿಯೊಬ್ಬನ ಬೈಕನ್ನು ಅರ್ಧ ಬೆಲೆಗೆ ಇಳಿಸಿ ಕೊಂಡು ಕೀಲಿ ಇವನ ಕೈಯಲ್ಲಿಟ್ಟೆ. ಮರುವಾರದಿಂದ ಅದೇ ಬೈಕಿನಲ್ಲಿ ಜೀಪಿನ ಹಿಂದೆ ಹೋದ. ಮನೆಯಲ್ಲಿ ಗಂಡುಮಕ್ಕಳಿರುವ ನಿಮಗೆ ಹೇಳುತ್ತೇನೆ, ಇಂಥ ವ್ಯವಹಾರದಲ್ಲಿ ಮುಂಗಡ ಕೊಡಬೇಡಿ.

ಕಂಡಕ್ಟರ್ ಬರುವುದು ಈಗ. ಉಡುಪಿಯಿಂದ ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವರು. ನಿವೃತ್ತರಾದ ಮೇಲೆ ತಮ್ಮ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ಹುಡುಗರನ್ನು ಕೂರಿಸಿ ತಾಳಮದ್ದಳೆ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ತಾಳಮದ್ದಳೆ ಎಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರದವರು ಎದುರುಬದುರು ಕುಳಿತು ಮಾತಿನಲ್ಲೇ ಹೊಡೆದಾಡುತ್ತಾರೆ. ಮಾತು ಬಾಯಿಪಾಠವಲ್ಲ, ಅಲ್ಲೇ ಹುಟ್ಟಬೇಕು. ಕಥೆಯ ಕೊನೆಯನ್ನು ಮಾತ್ರ ಯಾರೂ ಬದಲಿಸುವಂತಿಲ್ಲ. ಸೋಲಬೇಕಾದ ಪಾತ್ರ ಮಾತಿನಲ್ಲಿ ಎಷ್ಟೇ ಗೆದ್ದರೂ ಕಥೆಯಲ್ಲಿ ಸೋಲಲೇಬೇಕು.

ಮಾಸ್ಟ್ರ ತಂಡದಲ್ಲಿ ಮೀನಿನ ಟೆಂಪೊ ಓಡಿಸುವ ಒಬ್ಬ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ ಹುಡುಗನಿದ್ದ. ಅವನು ದೊರೆಯ ಪಾತ್ರ ಹೇಳುತ್ತಾನೆಂಬ ಸುದ್ದಿ ಕಾಪುವಿನವರೆಗೆ ಬಂತು. ಗಲಾಟೆ ಮಾಡಿ ನಿಲ್ಲಿಸಿ ಬನ್ನಿ ಎಂದು ಜೀಪಿನವನು ನಾಲ್ವರನ್ನು ಕಳುಹಿಸಿದ. ನಾಲ್ವರಲ್ಲಿ ನನ್ನ ತಮ್ಮ ಒಬ್ಬ. ಅಲ್ಲಿ ನಡೆದದ್ದನ್ನು ಅವನು ಆಮೇಲೆ ಎಷ್ಟು ಸಲ ಹೇಳಿದ್ದಾನೆಂದರೆ ನಾನೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಾಗೆ ಅನ್ನಿಸುತ್ತದೆ. ಇವನು ನಡುವೆ ಎದ್ದು ಕೂಗಿದ. ಮಾಸ್ಟ್ರು ತಾಳ ನಿಲ್ಲಿಸಿದರು.

"ಒಳ್ಳೆ ಸ್ವರ ಉಂಟಲ್ಲ ಮಾರಾಯ. ಅಲ್ಲಿಂದ ಎಂತಕ್ಕೆ ಕೂಗುವುದು? ಇಲ್ಲಿ ಬಂದು ಕೂತು ಅವನಿಗೆ ಉತ್ತರ ಕೊಡು."

ಆ ಜಗಲಿಯಲ್ಲಿ ಒಂದು ಕಟ್ಟಳೆ ಇತ್ತು. ಉತ್ತರ ಕೊಡುವ ಮೊದಲು ಎದುರಿನವನು ಹೇಳಿದ್ದನ್ನು, ಅವನಿಗೇ ಒಪ್ಪಿಗೆಯಾಗುವ ಹಾಗೆ, ತಿರುಗಿ ಹೇಳಬೇಕು. ಅವನು ಹೌದು ಎಂದ ಮೇಲೆಯೇ ನಿನ್ನ ಸರದಿ. ತಮ್ಮ ಜಂಬದಿಂದ ಹೋಗಿ ಕುಳಿತ. ಬ್ಯಾರಿ ಹುಡುಗ ಮೂರು ಸಲ ಅಲ್ಲ ಎಂದ. ಜೊತೆಗೆ ಬಂದಿದ್ದ ಮೂವರೇ ನಕ್ಕರು. ತಮ್ಮನಿಗೆ ಅದು ಚುಚ್ಚಿತು. ಮುಂದಿನ ಭಾನುವಾರ ಉತ್ತರ ಕೊಟ್ಟೇ ಬರುತ್ತೇನೆ ಎಂದು ಒಬ್ಬನೇ ಹೋದ. ಅದರ ಮುಂದಿನ ಭಾನುವಾರವೂ ಹೋದ. ಜೀಪಿನವರಿಗೆ ಏನೇನೋ ನೆಪ ಹೇಳತೊಡಗಿದ.

ನಾನು ದೇವರಿಗೆ ಹಣ್ಣುಕಾಯಿ ಮಾಡಿಸಬೇಕಿತ್ತು. ಮಾಡಿಸಲಿಲ್ಲ. ಗುಟ್ಕಾ ಬಿಡು ಎಂದು ನಾನು ಮೂರು ವರ್ಷ ಬಡಿದುಕೊಂಡಿದ್ದೆ. ಗುಟ್ಕಾ ಹಾಕಿದ ಬಾಯಲ್ಲಿ ಅಕ್ಷರ ಸ್ಪಷ್ಟ ಬರುವುದಿಲ್ಲ ಎಂದು ಮಾಸ್ಟ್ರು ಒಮ್ಮೆ ಹೇಳಿದ್ದಕ್ಕೆ ಅವತ್ತೇ ಬಿಟ್ಟ. ಬೆಳಿಗ್ಗೆ ಪೇಪರ್ ಓದತೊಡಗಿದ. ಮನೆಯಲ್ಲಿ ನಾವಾಡುವುದು ತುಳು, ಅದರ ನಡುವೆ ಪುಸ್ತಕದ ಕನ್ನಡ ಬಂದು ಕುಳಿತಿತು. ಬಾಯಿ ತೆರೆದರೆ ಮಾಸ್ಟ್ರಿಗೆ ಮೊಣಕಾಲು ನೋವು, ಮಾಸ್ಟ್ರಿಗೆ ನೇಂದ್ರ ಬಾಳೆಹಣ್ಣು ಇಷ್ಟ. ಅಕ್ಕನಿಗೆ ಯಾವ ಹಣ್ಣು ಇಷ್ಟ ಎಂದು ಯಾರಾದರೂ ಕೇಳಿದರೆ ಅವನಿಗೆ ಗೊತ್ತಿರಲಿಕ್ಕಿಲ್ಲ. ಎಲ್ಲಕ್ಕಿಂತ ಉರಿದದ್ದು ಜಗಳದಲ್ಲಿ. ನಾನು ಬೈಯುತ್ತಿದ್ದರೆ ಕೊನೆಯವರೆಗೆ ಕೇಳಿ, "ಅಕ್ಕ, ನೀನು ಹೇಳುವುದು ಇದು, ಅಲ್ವಾ?" ಎಂದು ನನ್ನ ಮಾತನ್ನೇ ಮಡಚಿ ನನ್ನ ಕೈಗೆ ಕೊಟ್ಟು, ಹೌದು ಎನ್ನುವವರೆಗೆ ಕಾಯುತ್ತಿದ್ದ. ನನ್ನ ಕಸುಬಿನಲ್ಲಿ ಎದುರಿನವನ ಕಷ್ಟ ಕೇಳಿಸಿತು ಎಂದು ತೋರಿಸಿದರೆ ಬೆಲೆ ಏರುತ್ತದೆ. ಇವನು ಅದನ್ನೇ ಮಾಡಿ ನನ್ನನ್ನು ಸೋಲಿಸುತ್ತಿದ್ದ.

ಒಮ್ಮೆ ಕಾರ್ಕಳಕ್ಕೆ ಹೋಗಿ ಆ ಮನುಷ್ಯನನ್ನು ನೋಡಿ ಬಂದೆ. ಎಲ್ಲಿ ತುಕ್ಕು ಹಿಡಿದಿದೆ ಎಂದು ಹುಡುಕುವುದೇ ನನ್ನ ಉದ್ದೇಶ. ಚಾ ಕೊಟ್ಟರು. ಕಲಿಸಲು ಏನು ತೆಗೆದುಕೊಳ್ಳುತ್ತೀರಿ ಎಂದೆ. ಏನೂ ಇಲ್ಲ ಎಂದರು. ಬೆಲೆಯನ್ನೇ ಹೇಳದವನ ಹತ್ತಿರ ಇಳಿಸುವುದು ಎಲ್ಲಿಂದ? ಹೊರಡುವಾಗ ನೋಡಿದರೆ, ನನ್ನ ಮನೆಯಲ್ಲಿ ತಟ್ಟೆ ಎತ್ತದ ತಮ್ಮ ಅಲ್ಲಿ ಎಲ್ಲರ ಲೋಟ ತೊಳೆಯುತ್ತಿದ್ದ.

ಅದರ ಮುಂದೆ ನಾನು ಮಾಡಿದ್ದು ಸಣ್ಣತನ. ಮೇ ತಿಂಗಳು, ಹಾಸ್ಟೆಲು ಖಾಲಿಯಾಗುವ ಸಮಯ. ಶನಿವಾರವೇ ಮುಗಿಯುವ ಸಾಗಾಟವನ್ನು ಬೇಕೆಂದೇ ಭಾನುವಾರಕ್ಕೆ ಇಟ್ಟೆ. ಒಂದಲ್ಲ, ಮೂರು ಭಾನುವಾರ. ಮೂರನೆಯ ವಾರ ಮಾಸ್ಟ್ರು ಅಂಗಡಿಗೆ ಫೋನ್ ಮಾಡಿ ಹುಡುಗ ಯಾಕೆ ಬರುತ್ತಿಲ್ಲ, ಫೋನ್ ಅವನಿಗೆ ಸ್ವಲ್ಪ ಕೊಡಿ ಎಂದರು. ಅವನಿಲ್ಲ ಎಂದೆ. ಅವನು ಹಿಂದಿನ ಕೋಣೆಯಲ್ಲಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದ. ಫೋನ್ ಬಂದದ್ದನ್ನು ಹೇಳಲಿಲ್ಲ. ತಾನು ಹೋಗದಿದ್ದರೂ ಮಾಸ್ಟ್ರಿಗೆ ನೆನಪಾಗಲಿಲ್ಲ ಎಂದು ಅವನು ಒಳಗೇ ಕುದಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕಂಡು ಸಮಾಧಾನವೂ ಆಗಿತ್ತು.

ನಾಲ್ಕನೆಯ ವಾರ ಜೀಪು ಅಂಗಡಿಯ ಮುಂದೆ ಬಂದು ನಿಂತಿತು. ತಮ್ಮ ಕೈ ಒರೆಸಿಕೊಂಡು ಹೋದ. ತಿರುಗಿ ಒಳಗೆ ಬಂದವನು ನನಗೆ ನೆಟ್ಟಗೆ ಹೇಳಿದ. ಬರುವ ಭಾನುವಾರ ಮೂರು ಗಂಟೆಗೆ ಹೆಜಮಾಡಿಯಲ್ಲಿ ಒಂದು ಬಸ್ಸನ್ನು ಅಡ್ಡಹಾಕಿ ಹುಡುಗ ಹುಡುಗಿ ಇಬ್ಬರನ್ನು ಇಳಿಸುವುದುಂಟು, ಬೈಕಿನಲ್ಲಿ ಮುಂದೆ ಹೋಗಿ ಕೈ ಅಡ್ಡ ಹಿಡಿಯುವವನು ತಾನೇ ಎಂದ. ಬಸ್ಸಿಗೆ ಅಡ್ಡ ನಿಲ್ಲುವವನೇ ಪೊಲೀಸರ ಕಾಗದದಲ್ಲಿ ಮೊದಲು ಬರುತ್ತಾನೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಜೀಪಿನವನು ಜೀಪಿನಲ್ಲೇ ಕುಳಿತಿರುತ್ತಾನೆ.

ಮರುದಿನ ಬೆಳಿಗ್ಗೆ ಕಾರ್ಕಳದ ಬಸ್ ಹತ್ತಿದೆ. ನೀವೇ ಕಾಪುವಿಗೆ ಬಂದು ಅವನನ್ನು ಕರೆಯಿರಿ, ಕಾರಿನ ಬಾಡಿಗೆ ನಾನು ಕೊಡುತ್ತೇನೆ ಎಂದು ಮಾಸ್ಟ್ರ ಹತ್ತಿರ ಕೇಳಿಕೊಂಡೆ.

"ನಾನು ಕರೆದರೆ ಬರ್ಲಿಕ್ಕಿಲ್ಲ ಅಕ್ಕ. ಕರೆಯಲಿಲ್ಲ ಅಂತಲೇ ಅವನಿಗೆ ಸಿಟ್ಟು. ನಾನು ಫೋನ್ ಮಾಡಿದ್ದೆ," ಎಂದು ನನ್ನ ಮುಖ ನೋಡಿದರು.

ನಾನು ಅವರ ಜಗಲಿಯ ಕೆಂಪು ನೆಲ ನೋಡಿದೆ. ಅವರು ಮುಂದೆ ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಹಿರಿಯಡ್ಕದ ಒಂದು ಶಾಲೆಯ ಹಾಲಿನಲ್ಲಿ ತಂಡದ ಕೂಟವಿದೆ, ದೊರೆಯ ಪಾತ್ರ ಇವನಿಗೆಂದೇ ಇಟ್ಟಿದ್ದೇನೆ, ಎದುರು ದೂತನ ಪಾತ್ರಕ್ಕೆ ಜನವಿಲ್ಲ, ನೀವು ಕೂತುಕೊಳ್ಳಿ ಎಂದರು. ನನಗೆ ಬರುವುದಿಲ್ಲ ಎಂದೆ.

"ಎಂತ ಬರುವುದಿಲ್ಲ? ಮಣಿಪಾಲದಲ್ಲಿ ಓದಿದ ನನ್ನ ಮಗನ ಹೊಸ ಮೇಜನ್ನು ನೀವು ಎಷ್ಟಕ್ಕೆ ಇಳಿಸಿ ತೆಗೆದುಕೊಂಡದ್ದು ಅಂತ ನನಗೆ ನೆನಪುಂಟು. ಅದೇ ಬಾಯಿ ಸಾಕು."

ಪ್ರಸಂಗ ಅವರೇ ಬರೆದದ್ದು, ಸಣ್ಣದು. ಒಂದು ಹೊಳೆ, ಎರಡು ದಡ. ಈಚೆ ದಡದ ದೊರೆ ಆಚೆಯವರು ಬರಬಾರದೆಂದು ದೋಣಿ ನಿಲ್ಲಿಸುತ್ತಾನೆ. ದೋಣಿ ಬಿಡಿ ಎಂದು ಕೇಳಲು ಆಚೆಯಿಂದ ದೂತ ಬರುತ್ತಾನೆ. ದೊರೆ ಒಪ್ಪುವುದಿಲ್ಲ. ಕೊನೆಗೆ ನೆರೆ ಬಂದು ದೊರೆಯೇ ಆಚೆ ದಡದ ದೋಣಿಯನ್ನು ಕೂಗಿ ಕರೆಯಬೇಕಾಗುತ್ತದೆ. ಅಂದರೆ ದೂತ ಬರಿಗೈಯಲ್ಲಿ ಹಿಂದೆ ಹೋಗಲೇಬೇಕು. ಬರಿಗೈಯಲ್ಲಿ ಬರುವ ವ್ಯಾಪಾರಕ್ಕೆ ನಾನು ಯಾವತ್ತೂ ಹೋದವಳಲ್ಲ. ಆದರೂ ಒಪ್ಪಿದೆ. ತಮ್ಮನನ್ನು ಉಳಿಸಲು ಎಂದು ಹೇಳಿದರೆ ಅರ್ಧ ನಿಜ. ಅವನು ಹೊಗಳುವ ಜಾಗದಲ್ಲಿ, ಅವನು ಹೊಗಳುವ ಮನುಷ್ಯನ ಎದುರು, ಅಕ್ಕನ ಬಾಯಿ ಎಂಥದು ಎಂದು ಅವನಿಗೆ ತೋರಿಸಬೇಕಿತ್ತು.

ಮನೆಗೆ ಬಂದು ಹೇಳಿದೆ. "ಆದಿತ್ಯವಾರ ದೂತನಾಗಿ ನಿನ್ನೆದುರು ನಾನು ಕೂತ್ಕೊಳ್ತೇನೆ. ಹೆದರಿಕೆ ಆದರೆ ಹೆಜಮಾಡಿಗೆ ಹೋಗು."

ಅವನು ಬಹಳ ಹೊತ್ತು ನಕ್ಕ. "ನೀನಾ? ನಿನ್ನನ್ನು ಎರಡು ಪದ ಮುಗಿಯುವುದರೊಳಗೆ ಮನೆಗೆ ಕಳಿಸ್ತೇನೆ," ಎಂದ. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಹಾಲಿನಲ್ಲಿ ನಲವತ್ತು ಜನ ಇದ್ದರೇನೋ. ಮಾಸ್ಟ್ರು ತಾಳ ಹಿಡಿದು ಕುಳಿತಿದ್ದರು, ಬ್ಯಾರಿ ಹುಡುಗ ಮೈಕಿನ ತಂತಿ ಸರಿಮಾಡುತ್ತಿದ್ದ. ಎರಡೂಮುಕ್ಕಾಲು ಆಯಿತು. ನನ್ನೆದುರಿನ ಜಾಗ ಖಾಲಿ. ನನ್ನ ಕಿವಿಯೆಲ್ಲ ರಸ್ತೆಯಲ್ಲಿತ್ತು. ಮೂರಕ್ಕೆ ಐದು ನಿಮಿಷ ಇರುವಾಗ ಆ ಬೈಕಿನ ಸದ್ದು ಕೇಳಿಸಿತು. ಹಾಳು ಸೈಲೆನ್ಸರ್ ಬದಲಾಯಿಸು ಎಂದು ಎಷ್ಟು ಸಲ ಹೇಳಿದ್ದೆ. ಅವತ್ತು ಅದಕ್ಕಿಂತ ಇಂಪಾದ ಸದ್ದು ಬೇರೆ ಇರಲಿಲ್ಲ. ಬಂದ, ಮಾಸ್ಟ್ರ ಕಾಲು ಮುಟ್ಟಿದ, ನನ್ನ ಕಡೆ ನೋಡದೆ ಶಾಲು ಹೊದ್ದು ಕುಳಿತ.

ಮೊದಲ ಪದ ಮುಗಿದದ್ದೇ ದೊರೆ ಗಂಭೀರವಾಗಿ, ನನ್ನ ದಡ ನನ್ನದು, ದೋಣಿ ಬಿಡುವುದಿಲ್ಲ ಎಂದ. ನಾನು ಶುರುಮಾಡಿದೆ. ದಿನಾ ಬೇಡ ದೊರೆಯೇ, ಮಂಗಳವಾರ ಶುಕ್ರವಾರ ಮಾತ್ರ ಬಿಡಿ. ಎರಡು ದಿನ ಹೆಚ್ಚಾಯಿತೇ, ಸಂತೆಯ ದಿನ ಒಂದೇ ದಿನ ಬಿಡಿ. ಗಂಡಸರು ಬೇಡವೇ, ಹೆಂಗಸರು ಮಕ್ಕಳು ಬರಲಿ. ಸಭೆ ನಗುತ್ತಿತ್ತು. ನಾನು ಹುರುಪಿನಲ್ಲಿದ್ದೆ. ಮಾಸ್ಟ್ರು ಟಿಣ್ ಎಂದು ತಾಳ ಬಡಿದು, ದೂತರು ಮೊದಲು ದೊರೆಯ ಮಾತನ್ನು ಹೇಳಬೇಕು ಎಂದರು.

ಆಚೆಯವರು ಬಂದರೆ ಊರು ಹಾಳಾಗುತ್ತದೆ ಎಂದು ನೀವು ಹೇಳುತ್ತೀರಿ ಎಂದೆ. ದೊರೆ ಅಲ್ಲ ಎಂದ. ನಿಮಗೆ ಆಚೆಯವರ ಹೆದರಿಕೆ ಎಂದೆ. ಅಲ್ಲ ಎಂದ. ನನಗೆ ಸಿಟ್ಟು ಬಂತು. ಹಾಗಾದರೆ ಎಂತ ನಿಮ್ಮದು, ಒಮ್ಮೆ ಬಾಯಿಬಿಟ್ಟು ಹೇಳಿ ಎಂದು ಅಂಗಡಿಯ ಧ್ವನಿಯಲ್ಲೇ ಕೇಳಿಬಿಟ್ಟೆ.

ಅವನು ಶಾಲು ಸರಿಮಾಡಿಕೊಂಡು ನಿಧಾನವಾಗಿ ಹೇಳಿದ. "ದೂತನೇ, ದೋಣಿ ಓಡುತ್ತಿದ್ದ ದಿನಗಳಲ್ಲಿ ಈ ದಡದಲ್ಲಿ ನಾನೊಬ್ಬ ಇದ್ದೇನೆಂದು ಯಾರಿಗೂ ಗೊತ್ತಿರಲಿಲ್ಲ. ಹೊರೆ ಹೊತ್ತವನನ್ನು ಹೊರೆಯ ಹೆಸರಿನಿಂದಲೇ ಕರೆದರು. ಮನೆಗೆ ಬಂದು ಹೇಳಿದೆ. ಹೊರೆ ಅಗ್ಗಕ್ಕೆ ಸಿಕ್ಕಿತಲ್ಲ ಎಂದರು. ದೋಣಿಗೆ ಅಡ್ಡ ನಿಂತ ದಿನ ಎರಡೂ ದಡದವರು ನನ್ನ ಮುಖ ನೋಡಿದರು."

ಹೊರೆ ಹೊತ್ತ ದೊರೆ ಎಲ್ಲಿಯವನಪ್ಪ ಎಂದು ಸಭೆಯಲ್ಲಿ ಒಬ್ಬರು ಪಿಸುಗುಟ್ಟಿದ್ದು ಕೇಳಿಸಿತು. ಅವರಿಗೆ ಅರ್ಥವಾಗಬೇಕಾದ ಅಗತ್ಯವಿರಲಿಲ್ಲ.

"ನೀವು ಹೇಳುವುದು," ಎಂದೆ. "ನೀವು ಹೇಳುವುದು, ನಿಮ್ಮ ಮಾತು ನಿಮ್ಮ ಮನೆಯಲ್ಲೇ ಯಾರಿಗೂ ಕೇಳಿಸಲಿಲ್ಲ ಎಂದು."

"ಹೌದು," ಎಂದ.

ಈಗ ನನ್ನ ಸರದಿ. ಮಾತು ಮುಗಿದಾಗ ನನ್ನ ಕಸುಬಿನಲ್ಲಿ ಒಂದೇ ಉಪಾಯ, ಬೇಡ ಎಂದು ಎದ್ದು ಹೊರಡುವುದು. ಏಳು ಹೆಜ್ಜೆಯೊಳಗೆ ಹಿಂದಿನಿಂದ ಕರೆಯುತ್ತಾರೆ. ಹಾಗಾದರೆ ನಾನು ಹೊರಟೆ ಎಂದು ಎದ್ದೆ. ಏಳು ಹೆಜ್ಜೆಯಾಯಿತು, ಹತ್ತಾಯಿತು, ಬಾಗಿಲು ಬಂತು. ಯಾರೂ ಕರೆಯಲಿಲ್ಲ. ತಿರುಗಿ ನೋಡಿದೆ. ತಮ್ಮ ನನ್ನನ್ನು ನೋಡುತ್ತಿರಲಿಲ್ಲ. ಏನು ಮಾಡಲಿ ಎಂದು ಮಾಸ್ಟ್ರ ಮುಖ ನೋಡುತ್ತಿದ್ದ. ಒಂಬತ್ತನೇ ವಯಸ್ಸಿನಿಂದ ಆ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ಆ ಕ್ಷಣದಷ್ಟು ನಾನು ಆ ಮನುಷ್ಯನನ್ನು ಬೇರೆ ಯಾವಾಗಲೂ ದ್ವೇಷಿಸಿಲ್ಲ.

ಮಾಸ್ಟ್ರು ತಲೆ ಎತ್ತಲಿಲ್ಲ. ತಾಳದ ದಾರವನ್ನು ಬೆರಳಿಗೆ ಸುತ್ತುತ್ತಾ ತಮಗೂ ಇದಕ್ಕೂ ಸಂಬಂಧವಿಲ್ಲದವರ ಹಾಗೆ ಕುಳಿತಿದ್ದರು. ಕೊನೆಗೆ ತಮ್ಮ ತಾನೇ ಹೇಳಿದ.

"ದೂತರಿಗೆ ಕುಡಿಯಲು ನೀರು ಕೊಡಿ. ಬಿಸಿಲಿನಲ್ಲಿ ಬಂದವರು. ದೋಣಿ ಬಿಡುವುದಿಲ್ಲ, ಆದರೆ ಹೊಳೆಯವರೆಗೆ ನಾನೇ ಜೊತೆಗೆ ಬರುತ್ತೇನೆ."

ಕಥೆ ಮುರಿಯಲಿಲ್ಲ, ದೂತನಿಗೆ ಅವಮಾನವೂ ಆಗಲಿಲ್ಲ. ಆ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಸ್ಟ್ರು ಮುಂದಿನ ಪದ ಎತ್ತಿದರು.

ಹೆಜಮಾಡಿಯಲ್ಲಿ ಅವತ್ತು ಬಸ್ಸನ್ನು ತಡೆದೇ ತಡೆದರು. ಬೈಕಿನಲ್ಲಿ ಮುಂದೆ ನಿಂತ ಇಬ್ಬರ ಮೇಲೆ ಕೇಸಾಯಿತು, ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ತಮ್ಮ ಮತ್ತೆ ಜೀಪಿನ ಹತ್ತಿರ ಹೋಗಲಿಲ್ಲ. ತಾನು ಹೊಡೆದ ವಿದ್ಯಾರ್ಥಿಯ ಕೋಣೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದ. ಆ ಹುಡುಗ ಬಾಗಿಲು ಹಾಕಿಕೊಂಡ. ಅದೂ ಸರಿಯೇ. ಆದರೆ ಇವೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅವತ್ತು ಐದು ಗಂಟೆಗೆ ಅವನ ಬೈಕಿನ ಹಿಂದೆ ಕುಳಿತು ಹಿರಿಯಡ್ಕದಿಂದ ಹೊರಟೆ. ದಾರಿಯುದ್ದಕ್ಕೂ ಮಾಸ್ಟ್ರ ಮಾತೇ. ನೀನು ಸ್ವಲ್ಪ ಬೇಗ ಎದ್ದೆ ಅಕ್ಕ, ಮಾಸ್ಟ್ರು ಹೇಳುವ ಪ್ರಕಾರ ದೂತ ಕೊನೆಯ ಮಾತಿನವರೆಗೆ ಕೂರಬೇಕು. ಆಮೇಲೆ ಹೇಳಿದ, ಹೊರಡುವಾಗ ಮಾಸ್ಟ್ರು ಅವನ ಹತ್ತಿರ ತಪ್ಪಾಯಿತು ಎಂದರಂತೆ. ಮೂರು ವಾರ ಬರದಾಗ ಫೋನ್ ಮಾಡಬೇಕಿತ್ತು, ಮರೆತುಬಿಟ್ಟೆ ಎಂದರಂತೆ.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ. ಆದರೆ ನನ್ನ ತಪ್ಪನ್ನು ಹೊತ್ತು ಅವರು ಇನ್ನಷ್ಟು ದೊಡ್ಡವರಾಗುವುದು ನನಗೆ ಸಹಿಸಲಾಗಲಿಲ್ಲ. ಒಳ್ಳೆಯತನದಿಂದ ಹೇಳಿದೆ ಎಂದು ತಿಳಿಯಬೇಡಿ.

"ಅವರು ಫೋನ್ ಮಾಡಿದ್ದರು. ನೀನಿಲ್ಲ ಅಂತ ಹೇಳಿದ್ದು ನಾನು," ಎಂದೆ, ಅವನ ಬೆನ್ನಿಗೆ.

ಬೈಕು ಅದೇ ವೇಗದಲ್ಲಿ ಹೋಗುತ್ತಿತ್ತು. ಮುಖ ಕಾಣಿಸುತ್ತಿರಲಿಲ್ಲ. ಮಣಿಪಾಲದ ಏರಿನ ಬಳಿ ಒಂದು ಎಸ್‌ಟಿಡಿ ಬೂತಿನ ಮುಂದೆ ನಿಲ್ಲಿಸಿ, ಇಲ್ಲಿಯೇ ನಿಲ್ಲು, ಮಾಸ್ಟ್ರು ಇನ್ನೂ ಶಾಲೆಯಲ್ಲೇ ಇರ್ತಾರೆ ಎಂದು ಒಳಗೆ ಹೋದ. ಗಾಜಿನ ಆಚೆ ಅವನು ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೊದಲು ತಲೆ ತಗ್ಗಿಸಿದ್ದ. ಆಮೇಲೆ ಕೈ ಆಡಿಸಿದ. ಆಮೇಲೆ ನಕ್ಕ. ಮೀಟರಿನ ಕೆಂಪು ಅಂಕಿಗಳು ಓಡುತ್ತಲೇ ಇದ್ದವು. ಬಾಗಿಲು ಸ್ವಲ್ಪ ತೆರೆದು, ಅಕ್ಕ, ಚಿಲ್ಲರೆ ಉಂಟಾ ಎಂದು ಕೇಳಿದ. ಕೊಟ್ಟೆ. ಮತ್ತೆ ಬಾಗಿಲು ಎಳೆದುಕೊಂಡ.